ರೌಟರ್ ಪಕ್ಕದಲ್ಲಿ ಕೂತರೂ ಒಂದೇ ಕಡ್ಡಿ: ಮಿಂಟ್‌ನಲ್ಲಿ ವೈಫೈ ಸರಿ ಮಾಡಿದ ನನ್ನ ಅನುಭವ

2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ನಿಂತಿತು. ನನ್ನ ಲ್ಯಾಪ್‌ಟಾಪ್‌ನದು ಐದನೇ ಪೀಳಿಗೆಯ ಐ3 ಪ್ರೊಸೆಸರ್, ವಿಂಡೋಸ್ 11 ಅದನ್ನು ಒಪ್ಪುವುದಿಲ್ಲ. ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಬದಲು ಬಿಟ್ಟಿ ಸಿಗುವ ಲಿನಕ್ಸ್ ಮಿಂಟ್ 22 ಹಾಕಿದೆ. ಟೈಪಿಂಗ್ ಭಾಷೆ ಆರಿಸುವ ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆ ಆರಿಸಿದ್ದೇ ತಡ ಕನ್ನಡ ಬಂತು, ಪ್ರಿಂಟರ್ ತಾನೇ ಬಂತು. ಕಾಡಿದ್ದು ವೈಫೈ ಒಂದೇ.

ಲಿನಕ್ಸ್‌ಗೆ ವೈಫೈ ಕಾರ್ಡೇ ಕಾಣದ ಕೇಸ್ ಆಗಿದ್ದರೆ ಚಿಂತೆ ಇರಲಿಲ್ಲ. ಬ್ರಾಡ್‌ಕಾಮ್ ಕಂಪನಿಯ ಕಾರ್ಡ್ ಇದ್ದವರು ಫೋನಿನಿಂದ ಯುಎಸ್‌ಬಿ ಟೆದರಿಂಗ್ ಕೊಟ್ಟು, ಡ್ರೈವರ್ ಮ್ಯಾನೇಜರ್‌ನಲ್ಲಿ ಟಿಕ್ ಹಾಕಿ ಎದ್ದು ಹೋಗುತ್ತಾರೆ. ನನ್ನದು ರಿಯಲ್‌ಟೆಕ್ 8723ಬಿಇ. ಮಾಡ್ಯೂಲ್ (ಅಂದರೆ ಕಾರ್ಡ್ ನಡೆಸುವ ಡ್ರೈವರ್) ಲೋಡ್ ಆಗಿದೆ, ಪಾಸ್‌ವರ್ಡ್ ತಗೊಳ್ಳುತ್ತದೆ, ಆದರೆ ರೌಟರ್‌ನಿಂದ ಮೂರಡಿ ದೂರದಲ್ಲೂ ಸಿಗ್ನಲ್ ಮೈನಸ್ 80 ಡಿಬಿಎಂ ಹತ್ತಿರ (ಸೊನ್ನೆಯ ಕಡೆ ಬಂದಷ್ಟೂ ಸಿಗ್ನಲ್ ಜೋರು). ಪಕ್ಕದ ಕೋಣೆಗೆ ಹೋದರೆ ಕಟ್.

ಭಾವ ನೋಡಿ, "ಬಿಟ್ಟಿ ಸಿಕ್ಕಿದ್ದಕ್ಕೆ ಇಷ್ಟೇ ಕಣೋ, ಸುಮ್ಮನೆ ವಿಂಡೋಸ್ ಹಾಕ್ಕೊ" ಅಂದರು. ಬೆಂಗಳೂರಿನ ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಯವನು, "ಕಾರ್ಡ್ ಹೋಗಿದೆ ಸಾರ್, ಬದಲಾಯಿಸ್ಬಿಡಿ" ಅಂದ. ಹೋಗಿಲ್ಲ ಅಂತ ನನಗೆ ಗೊತ್ತಿತ್ತು. ಹಳೇ ಹಾರ್ಡ್‌ಡಿಸ್ಕ್ ಎಸೆದಿರಲಿಲ್ಲ. ಅದನ್ನು ಹಾಕಿ ವಿಂಡೋಸ್‌ನಲ್ಲಿ ಬೂಟ್ ಮಾಡಿದರೆ ಅದೇ ಜಾಗದಲ್ಲಿ ಕಡ್ಡಿ ಪೂರ್ತಿ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ನೆಟ್‌ವರ್ಕ್ ಮ್ಯಾನೇಜರ್‌ನ ಪವರ್‌ಸೇವ್ 3 ಇದ್ದದ್ದು 2 ಆಯಿತು, ಅಂದರೆ ಕರೆಂಟ್ ಉಳಿತಾಯ ಆಫ್. ಡ್ರೈವರ್‌ನಲ್ಲೂ ಕರೆಂಟ್ ಉಳಿಸುವ ಆಯ್ಕೆಗಳಾದ ಐಪಿಎಸ್, ಎಫ್‌ಡಬ್ಲ್ಯುಎಲ್‌ಪಿಎಸ್ ಎರಡೂ ಸೊನ್ನೆ. ಮಧ್ಯೆ ಮಧ್ಯೆ ಕಡಿದುಹೋಗುವುದು ಕಮ್ಮಿ ಆಯಿತು, ಸಿಗ್ನಲ್ ಇದ್ದಲ್ಲೇ ಇತ್ತು. ರೌಟರ್ ಚಾನೆಲ್ ಬದಲಿಸಿದ್ದರಿಂದ ಪಕ್ಕದ ಮನೆಯವರಿಗೆ ಲಾಭ ಆಗಿರಬೇಕು, ನನಗಂತೂ ಇಲ್ಲ. ಹೊರಗಿನ ಡ್ರೈವರ್‌ಗಳನ್ನು ಕಟ್ಟಿಕೊಡುವ ಡಿಕೆಎಂಎಸ್‌ನಲ್ಲಿ ಡ್ರೈವರನ್ನು ಕಂಪೈಲ್ ಮಾಡಿ ಹಾಕಿದೆ. ಸಹಿ ಇಲ್ಲದ ಡ್ರೈವರ್ ತಡೆಯುವ ಸೆಕ್ಯೂರ್ ಬೂಟ್ ತಕರಾರು ತೆಗೆಯಿತು, ಅದನ್ನು ಆಫ್ ಮಾಡಿ ಹಾಕಿದರೂ ಫಲಿತಾಂಶ ಅದೇ. ಸುಮ್ಮನೆ ಆ ಡ್ರೈವರ್ ತೆಗೆದುಹಾಕಿದೆ.

ಆಮೇಲೆ ದುಡ್ಡು ಕಳೆಯುವ ಸರದಿ. ನಾನೂರು ರೂಪಾಯಿ ಆಸುಪಾಸಿನ ಯುಎಸ್‌ಬಿ ವೈಫೈ ಡಾಂಗಲ್ ತಂದೆ. ಚುಚ್ಚಿದರೆ ಅದು ವೈಫೈ ಅಲ್ಲ, ಸಿಡಿ ಡ್ರೈವ್ ಅಂತ ತನ್ನನ್ನು ಪರಿಚಯಿಸಿಕೊಂಡಿತು! ವಿಂಡೋಸ್ ಡ್ರೈವರ್ ಒಳಗೇ ತುಂಬಿಟ್ಟಿರುವ ಜಾತಿಯದು. ಅದನ್ನು ಎಜೆಕ್ಟ್ ಮಾಡಿದರೆ ಮಾತ್ರ ವೈಫೈ ರೂಪ ತಾಳುತ್ತದೆ. ನಡೆಯಿತು, ಆದರೆ ಇರುವ ಎರಡು ಒಳ್ಳೇ ಪೋರ್ಟ್‌ನಲ್ಲಿ ಒಂದು ಅದಕ್ಕೇ ಮೀಸಲು. ಮುಂದೆ ಏಳುನೂರಕ್ಕೆ ಸೆಕೆಂಡ್ ಹ್ಯಾಂಡ್ ಇಂಟೆಲ್ 7260 ವೈಫೈ ಕಾರ್ಡ್ ತಂದೆ. ಹಾಕಿ ಆನ್ ಮಾಡಿದರೆ, ಲ್ಯಾಪ್‌ಟಾಪ್ ಶುರುವಾಗುವಾಗ ಮೊದಲು ಓಡುವ ಬಯಾಸ್, ಈ ಕಾರ್ಡ್ ನನ್ನದಲ್ಲ ಅಂತ ಬೂಟ್ ಮಾಡಲೇ ಇಲ್ಲ. ಕಂಪನಿಯ ಪಟ್ಟಿಯಲ್ಲಿರುವ ಕಾರ್ಡ್ ಮಾತ್ರ ನಡೆಯಬೇಕು ಅನ್ನುವ ಬೀಗ ಆ ಕಾಲದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇತ್ತು. ಆ ಬೀಗ ದಾಟುವ ದಾರಿ ಒಂದು ಗೊತ್ತಿದೆ. ಬೋರ್ಡ್ ಸುಟ್ಟುಕೊಂಡು ನನ್ನನ್ನು ಬೈಯುತ್ತೀರಿ, ಹಾಗಾಗಿ ಇಲ್ಲಿ ಬರೆಯಲ್ಲ.

ಇಂಟೆಲ್ ಕಾರ್ಡ್ ತೆಗೆದು ಹಳೇದನ್ನು ವಾಪಸ್ ಕೂರಿಸುವಾಗ ಕಣ್ಣಿಗೆ ಬಿದ್ದದ್ದು: ಹಳೇ ಕಾರ್ಡ್ ಮೇಲೆ ಆ್ಯಂಟೆನಾ ಸಿಕ್ಕಿಸುವ ಗುಂಡಿ ಎರಡು, ಲ್ಯಾಪ್‌ಟಾಪ್‌ನಿಂದ ಬರುವ ವೈರ್ ಒಂದೇ. ಕಾಸು ಉಳಿಸಲು ಕಂಪನಿ ಒಂದೇ ಎಳೆದಿದೆ. ಆ ವೈರ್ ಎಲ್ಲಿದೆ ಅಂತ ವಿಂಡೋಸ್ ಡ್ರೈವರ್‌ಗೆ ಗೊತ್ತು, ಲಿನಕ್ಸ್ ಡ್ರೈವರ್ ಖಾಲಿ ಗುಂಡಿಯಲ್ಲಿ ಕಿವಿ ಇಟ್ಟು ಕೂತಿದೆ.

ಯಾವ ಗುಂಡಿ ಬಳಸಬೇಕು ಅಂತ ಹೇಳುವುದಕ್ಕೆ ಲಿನಕ್ಸ್ ಡ್ರೈವರ್‌ನಲ್ಲೇ ಒಂದು ಆಯ್ಕೆ ಇದೆ: ಆ್ಯಂಟ್_ಸೆಲ್ (ant_sel), ಅದಕ್ಕೆ 1 ಅಥವಾ 2 ಕೊಡಬೇಕು. ಡ್ರೈವರ್ ಏರಿಸುವ ಮೋಡ್‌ಪ್ರೋಬ್‌ನ ಕಾನ್ಫ್ (ಸೆಟ್ಟಿಂಗ್) ಫೈಲಿನಲ್ಲಿ ಒಂದೇ ಸಾಲು. 1 ಕೊಟ್ಟು ಮಾಡ್ಯೂಲ್ ಇಳಿಸಿ ಏರಿಸಿದೆ, ಏನಿಲ್ಲ. 2 ಕೊಟ್ಟೆ. ಮೈನಸ್ 80 ಇದ್ದದ್ದು ಮೈನಸ್ 47-48ಕ್ಕೆ ಬಂತು. ಡಿಬಿ ಲೆಕ್ಕದಲ್ಲಿ 30 ಹೆಚ್ಚು ಅಂದರೆ ಸಾವಿರ ಪಟ್ಟು, ಗೊತ್ತಲ್ಲ? ಭಾವನನ್ನು ಕರೆದು ಮಹಡಿ ಮೇಲೆ ಕೂರಿಸಿ ವಿಡಿಯೋ ಕಾಲ್ ಮಾಡಿಸಿದೆ. ಖರ್ಚು ಸೊನ್ನೆ, ಅದಕ್ಕೂ ಮೊದಲು ಹನ್ನೊಂದು ನೂರು ಹೋಗಿತ್ತು ಅನ್ನುವುದು ಬೇರೆ ಮಾತು. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಅಪ್‌ಡೇಟ್ ಬಂದರೂ ಆ ಸಾಲು ಹಾಗೇ ಇರುತ್ತದೆ, ಮತ್ತೆ ಕಂಪೈಲ್ ಗೋಳಿಲ್ಲ. ಈ ಡ್ರೈವರ್‌ಗಳನ್ನು ವರ್ಷಗಟ್ಟಲೆ ಸಾಕಿದ ಲ್ಯಾರಿ ಫಿಂಗರ್ 2024ರಲ್ಲಿ ತೀರಿಕೊಂಡರು, ದೊಡ್ಡ ಮನುಷ್ಯ.

ಕುತೂಹಲಕ್ಕೆ ಆ ಸಾಲು ಅಳಿಸಿ, ವೈರನ್ನೇ ಇನ್ನೊಂದು ಗುಂಡಿಗೆ ಸಿಕ್ಕಿಸಿಯೂ ನೋಡಿದೆ. ಅದೂ ನಡೆಯುತ್ತದೆ, ಹೆಚ್ಚುಕಮ್ಮಿ ಅದೇ ಸಿಗ್ನಲ್. ಆದರೆ ಆ ಕನೆಕ್ಟರ್ ಕಾಳಿನಷ್ಟು ಚಿಕ್ಕದು, ಹತ್ತಾರು ಸಲ ಕಿತ್ತು ಹಾಕಿದರೆ ಸಡಿಲ ಆಗುತ್ತದೆ. ಸಾಲು ಬರೆಯುವುದೇ ವಾಸಿ. ಸ್ನೇಹಿತರೊಬ್ಬರ ಲ್ಯಾಪ್‌ಟಾಪ್‌ನಲ್ಲಿ ಅದೇ ಕಾರ್ಡ್‌ಗೆ 1 ಬೇಕಾಯಿತು, ಹಾಗಾಗಿ ಎರಡನ್ನೂ ಹಾಕಿ ಅಳೆಯಿರಿ.

ಬಗೆಹರಿಯದ್ದು ಬ್ಲೂಟೂತ್. ಅದೂ ಇದೇ ಕಾರ್ಡಿನಲ್ಲಿದೆ, ಅದಕ್ಕೂ ಅದೇ ಆ್ಯಂಟೆನಾ, ಅದೇ 2.4 ಗಿಗಾಹರ್ಟ್ಜ್. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡರೆ ಡೌನ್‌ಲೋಡ್ ವೇಗ ಅರ್ಧಕ್ಕೆ ಇಳಿಯುತ್ತದೆ. ನಾನು ವೈರ್ ಹೆಡ್‌ಫೋನ್ ಹಾಕಿಕೊಂಡಿದ್ದೇನೆ.

ಇಂಟೆಲ್ 7260 ಹಾಗೇ ಬಿದ್ದಿದೆ. ಬಯಾಸ್ ಬೀಗ ಇಲ್ಲದ ಲ್ಯಾಪ್‌ಟಾಪ್ ಇದ್ದವರು ಮುನ್ನೂರೈವತ್ತು ಕೊಟ್ಟು ತಗೊಂಡು ಹೋಗಬಹುದು.