ಶಾಲಾ ಕ್ರೀಡಾಕೂಟಕ್ಕೆ ಜೂಡೋ, ಟೇಕ್ವಾಂಡೋ ಮಕ್ಕಳನ್ನು ಕಳಿಸುವವರ ಗಮನಕ್ಕೆ
ಖಾಸಗಿ ಕ್ಲಾಸಿನಲ್ಲಿ ಯಾವ ಬೆಲ್ಟ್ ಬಂದಿದ್ದರೂ ಕ್ರೀಡಾಕೂಟಕ್ಕೆ ಹೆಸರು ಹೋಗಬೇಕಾದ್ದು ಶಾಲೆಯಿಂದಲೇ. ಜೂನ್‌ನಲ್ಲೇ ದೈಹಿಕ ಶಿಕ್ಷಣದ (ಪಿಇ) ಮೇಷ್ಟ್ರಿಗೆ ಹೇಳಿಡಿ. ಮೊದಲ ಹಂತ ತಪ್ಪಿದರೆ ಜಿಲ್ಲೆ, ವಿಭಾಗ, ರಾಜ್ಯ ಎಲ್ಲವೂ ತಪ್ಪಿದಂತೆ. ವಯೋಮಿತಿ 14, 17, 19ರ ಒಳಗೆ. ಆಧಾರ್, ಜನನ ಪ್ರಮಾಣಪತ್ರ, ಶಾಲಾ ದಾಖಲೆ ಮೂರರಲ್ಲೂ ಇನಿಷಿಯಲ್ ಸಮೇತ ಹೆಸರು, ಹುಟ್ಟಿದ ದಿನ ಒಂದೇ ಇವೆಯೇ ನೋಡಿಕೊಳ್ಳಿ. ತಿದ್ದುಪಡಿಗೆ ವಾರಗಟ್ಟಲೆ ಹಿಡಿಯುತ್ತದೆ.

ತೂಕದಲ್ಲಿ ಮಾತ್ರ ದಯವಿಟ್ಟು ಹಠ ಬೇಡ. ಕೆಳಗಿನ ತೂಕದ ವರ್ಗಕ್ಕೆ ಸೇರಿಸಲೆಂದು ಹಿಂದಿನ ದಿನ ಊಟ, ನೀರು ಬಿಡಿಸಿದರೆ ಮಗು ಮೊದಲ ಬೌಟ್‌ನಲ್ಲೇ (ಪಂದ್ಯದಲ್ಲೇ) ತಲೆಸುತ್ತಿ ಕೂರುತ್ತದೆ. 15 ದಿನ ಮೊದಲಿನಿಂದ ಬೆಳಿಗ್ಗೆ ತಿಂಡಿಗೆ ಮುಂಚೆ ತೂಕ ನೋಡಿ. ಗಡಿಯಲ್ಲಿದ್ದರೆ ಮೇಲಿನ ವರ್ಗವೇ ಸರಿ. ಬಿಸಿನೀರಲ್ಲಿ ಅದ್ದಿ ಕಚ್ಚಿಸುವ ಮೌತ್‌ಗಾರ್ಡ್ ಆದರೆ ಮನೆಯಲ್ಲೇ ಹಲ್ಲಿಗೆ ಕೂರಿಸಿಕೊಂಡು ಹೋಗಿ. ಕೈಕಾಲಿನ ಉಗುರು ಹಿಂದಿನ ರಾತ್ರಿಯೇ ಕತ್ತರಿಸಿ.