ಜ್ವರ ಶುರುವಾಗಿದ್ದು ಯಾವತ್ತು?

ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಹೆರಿಗೆ ಡಾಕ್ಟರು. ಮಳೆಗಾಲದಲ್ಲಿ ಬಸುರಿಯರು ಜ್ವರ ಅಂತ ಬಂದರೆ ಮೊದಲು ಕೇಳುವುದು, 'ಯಾವತ್ತು ಶುರುವಾಯ್ತಮ್ಮ?' ತಾರೀಖು ಯಾರಿಗೂ ನೆನಪಿರುವುದಿಲ್ಲ. 'ಸಂತೆಗೆ ಹೋಗಿ ಬಂದೆ ಮೇಡಂ, ಅವತ್ತು ರಾತ್ರೀನೇ ಚಳಿ ಬಂತು' ಅನ್ನುತ್ತಾರೆ. ಅಷ್ಟು ಸಾಕು. ಲೆಕ್ಕ ಹಾಕಿ ತಾಯಿ ಕಾರ್ಡಿನ ಮೇಲೆ ಕೆಂಪು ಪೆನ್ನಲ್ಲಿ ತಾರೀಖು ಬರೆಯುತ್ತೇನೆ. ಡೆಂಗಿಯೋ ಅಂತ ತಿಳಿಯಲು, ಮೊದಲ 5 ದಿನದೊಳಗಾದರೆ ವೈರಸ್ಸಿನದೇ ಪ್ರೋಟೀನ್ ಹುಡುಕುವ ಎನ್‌ಎಸ್‌1, ಆಮೇಲಾದರೆ ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ ಹುಡುಕುವ ಐಜಿಎಂ ಎಲೈಸಾ.

ಈ ಅಭ್ಯಾಸ ಗಟ್ಟಿಯಾಗಿದ್ದು ಏಳು ತಿಂಗಳ ಬಸುರಿಯೊಬ್ಬಳಿಂದ. ಹೊರಗೆ ಮಾಡಿಸಿದ ಎನ್‌ಎಸ್‌1 ನೆಗೆಟಿವ್ ಇತ್ತು. ಆದರೆ ರಕ್ತ ಕೊಟ್ಟಿದ್ದು ಆರನೇ ದಿನ. ಬೆಳಿಗ್ಗೆಯಿಂದ ಜ್ವರವೂ ಬಿಟ್ಟಿತ್ತು. 'ರಕ್ತಾನೂ ಜಾಸ್ತಿಯಾಗಿದೆ ನೋಡಿ' ಅಂತ ಅತ್ತೆ ಖುಷಿಯಿಂದ ರಿಪೋರ್ಟು ಕೊಟ್ಟರು. ಹಿಮೋಗ್ಲೋಬಿನ್ 12.8. ತಾಯಿ ಕಾರ್ಡಿನಲ್ಲಿ ಹಿಂದಿನ ತಿಂಗಳು 10.2 ಇತ್ತು. ನನ್ನ ಎದೆ ಧಸಕ್ಕೆಂದಿತು. ಅದು ರಕ್ತ ಹೆಚ್ಚಿದ್ದಲ್ಲ, ನಾಳದಿಂದ ನೀರಿನಂಶ ಸೋರಿ ರಕ್ತ ಗಟ್ಟಿಯಾಗಿದ್ದು. ಬಸುರಿಯರ ರಕ್ತ ಮೊದಲೇ ತೆಳುವಾಗಿರುತ್ತದೆ ಅಲ್ವಾ, ಹಾಗಾಗಿ 12.8 ಒಳ್ಳೆಯದಾಗಿಯೇ ಕಾಣುತ್ತದೆ. ಹಳೆಯ ಅಂಕಿ ಪಕ್ಕದಲ್ಲಿಟ್ಟರೆ ಮಾತ್ರ ಗೊತ್ತಾಗುವುದು. ಆಗಲೇ ಅಡ್ಮಿಟ್ ಮಾಡಿಕೊಂಡೆ. ಮರುದಿನ ಐಜಿಎಂ ಪಾಸಿಟಿವ್ ಬಂತು. ಎರಡು ರಾತ್ರಿ ಗಂಟೆಗಟ್ಟಲೆ ಬಿಪಿ, ಮೂತ್ರ, ಪಿಸಿವಿ (ರಕ್ತ ಎಷ್ಟು ಗಟ್ಟಿಯಾಗಿದೆ ಅನ್ನುವ ಅಳತೆ) ನೋಡುತ್ತಾ ಅಳೆದಳೆದು ಡ್ರಿಪ್ ಕೊಟ್ಟೆವು. ತಾಯಿ ಉಳಿದಳು, ಮಗುವೂ ದಿನ ತುಂಬಿ ಹುಟ್ಟಿತು.

ಮೈಮೇಲೆ ದದ್ದು, ಕಣ್ಣು ಕೆಂಪು, ಜ್ವರ ಅಷ್ಟಕ್ಕಷ್ಟೇ ಇದ್ದರೆ ನನಗೆ ಜೀಕಾ ನೆನಪಾಗುತ್ತದೆ, ಅದೂ ಸೊಳ್ಳೆಯಿಂದ ಹರಡುವ ವೈರಸ್ಸೇ. 2022ರ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಯ ಐದು ವರ್ಷದ ಹುಡುಗಿಯಲ್ಲಿ ಅದು ಕಂಡಿತ್ತು. ಇಲ್ಲಿ ಡೆಂಗಿ ಐಜಿಎಂ ಒಂದನ್ನೇ ನಂಬುವಂತಿಲ್ಲ, ಜೀಕಾ ಬಂದವರಲ್ಲೂ ಅದು ಪಾಸಿಟಿವ್ ತೋರಿಸಬಹುದು. ಆರ್‌ಟಿ-ಪಿಸಿಆರ್‌ಗೆ ರಕ್ತದ ಜೊತೆ ಮೂತ್ರವನ್ನೂ ಐಸ್ ಪೆಟ್ಟಿಗೆಯಲ್ಲಿ ಕಳಿಸುತ್ತೇನೆ. ಮೂತ್ರದಲ್ಲಿ ವೈರಸ್ ಜಾಸ್ತಿ ದಿನ ಸಿಗುತ್ತದೆ. ಪಾಸಿಟಿವ್ ಬಂದರೆ ಮಗುವಿನ ತಲೆಯ ಬೆಳವಣಿಗೆಗೆ ಮತ್ತೆ ಮತ್ತೆ ಸ್ಕ್ಯಾನ್ ಬೇಕು.

ಚಿಕೂನ್‌ಗುನ್ಯಾ ಆಗಿದ್ದು, ಕಾರ್ಡಿನ ಕೆಂಪು ತಾರೀಖು ಹೆರಿಗೆಯ ಆಸುಪಾಸಿನಲ್ಲೇ ಇದ್ದರೆ ಬಾಣಂತಿಯನ್ನು ಬೇಗ ಮನೆಗೆ ಕಳಿಸುವುದಿಲ್ಲ. ಹೆರಿಗೆ ವೇಳೆ ತಾಯಿಯಿಂದ ಸೋಂಕು ತಗಲಿದ್ದರೆ, ಹುಟ್ಟಿದಾಗ ಚೆನ್ನಾಗಿದ್ದ ಕೂಸು ಮೂರರಿಂದ ಏಳನೇ ದಿನದೊಳಗೆ ಹಾಲು ಬಿಟ್ಟು ಮಂಕಾಗಬಹುದು. ಆ ಒಂದು ವಾರ ಕೂಸು ನಮ್ಮ ಕಣ್ಣೆದುರೇ ಇರಬೇಕು.