ಮೂರು ಸುತ್ತು ಅಂದರೆ ಎಷ್ಟು ಮೀಟರ್?

ನಾನು ಹಳ್ಳಿಯ ಹೈಸ್ಕೂಲೊಂದರಲ್ಲಿ ಪೀಟಿ ಮೇಷ್ಟ್ರು. ಮೊದಮೊದಲು ನನ್ನ ಲೆಕ್ಕದಲ್ಲಿ ಫಿಟ್ ಹುಡುಗ ಅಂದರೆ ಸ್ಪೋರ್ಟ್ಸ್ ಡೇಯಲ್ಲಿ ಕಪ್ ಗೆದ್ದವನು, ಅಷ್ಟೇ. 2019ರಲ್ಲಿ ಕೇಂದ್ರ ಸರ್ಕಾರದ ಫಿಟ್ ಇಂಡಿಯಾ ಆಂದೋಲನ ಶುರುವಾಯಿತು. ಆಮೇಲೆ ಸರ್ಕಾರದ ಕ್ರೀಡಾ ಯೋಜನೆಯಾದ ಖೇಲೋ ಇಂಡಿಯಾದ ಫಿಟ್‌ನೆಸ್ ಪರೀಕ್ಷೆಗಳನ್ನು ನಾನೂ ಮಾಡಿಸತೊಡಗಿದೆ. 50 ಮೀಟರ್ ಓಟ ವೇಗಕ್ಕೆ, 600 ಮೀಟರ್ ದಮ್ಮಿಗೆ. ಹೊಟ್ಟೆಯ ಸ್ನಾಯುಗಳಿಗೆ 30 ಸೆಕೆಂಡು ಕರ್ಲ್ ಅಪ್ (ಅಂಗಾತ ಮಲಗಿ ತಲೆ, ಭುಜ ಎತ್ತುವುದು), ತೋಳಿಗೆ ಪುಶ್ ಅಪ್. ಕಾಲು ಚಾಚಿ ಕೂತು ಬೆರಳು ಮುಂದಕ್ಕೆ ಚಾಚುವುದು ಮೈ ಎಷ್ಟು ಬಾಗುತ್ತದೆ ಅಂತ ನೋಡಲು. ಜೊತೆಗೆ ಬಿಎಂಐ, ಅಂದರೆ ಕೆಜಿ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿ.

ಬಾಗುವ ಪರೀಕ್ಷೆಗೆ ಪೆಟ್ಟಿಗೆ ಇರಲಿಲ್ಲ. ಬೆಂಚನ್ನು ಅಡ್ಡ ಮಲಗಿಸಿ ಮೇಲೆ ಸ್ಕೇಲ್ ಅಂಟಿಸಿದೆ. ನಮ್ಮ 50 ಮೀಟರ್ ಹೀರೋನ ಕೈ ಕಾಲ್ಬೆರಳಿಗಿಂತ ನಾಲ್ಕು ಬೆರಳು ಹಿಂದೆಯೇ ನಿಂತಿತು. "ಸಾ, ನನ್ ಕಾಲೇ ಉದ್ದ" ಅಂದ. ಯಾವ ಟೀಮಿಗೂ ನಾನು ಸೇರಿಸಿಕೊಳ್ಳದಿದ್ದ ಹುಡುಗಿಯೊಬ್ಬಳು ಆರಾಮಾಗಿ ಪಾದ ದಾಟಿಸಿದಳು. 600 ಮೀಟರಿನಲ್ಲೂ ಅವಳದು ಒಂದೇ ಹದದ ಓಟ. ಹೀರೋ ಮೊದಲ ಸುತ್ತು ಬಾಣದ ಹಾಗೆ ಹೋಗಿ, ಎರಡನೆಯದಕ್ಕೆ ಪಕ್ಕೆ ಹಿಡಿದುಕೊಂಡು ನಡೆಯುತ್ತಿದ್ದ.

ತೂಕ ನೋಡುವಾಗ ನಾನು ತಪ್ಪು ಮಾಡಿದೆ. ಎಲ್ಲರೆದುರು ಜೋರಾಗಿ ಓದಿ ಹೇಳಿದೆ, ಸಾಲಿನಲ್ಲಿ ಕಿಸಕ್ಕೆಂದು ನಗು ಬಂತು. ಮಾರನೇ ದಿನದಿಂದ ತೂಕದ ಯಂತ್ರ ಸ್ಟಾಫ್ ರೂಮಿಗೆ, ಒಬ್ಬೊಬ್ಬರೇ ಒಳಗೆ. 42 ಕೆಜಿ, 1.5 ಮೀಟರ್ ಎತ್ತರ ಅಂದರೆ ಬಿಎಂಐ 18.7. ಆದರೆ ಆ ಅಂಕಿ ವಯಸ್ಸಿನ ಜೊತೆ ನೋಡಿದರೆ ಮಾತ್ರ ಅರ್ಥ ಕೊಡುತ್ತದೆ. ದೊಡ್ಡವರ ಪಟ್ಟಿಯನ್ನು ಮಕ್ಕಳಿಗೆ ಹಿಡಿಯಬಾರದು.

ದೊಡ್ಡ ಎಡವಟ್ಟು ಬೇರೆಯೇ ಇತ್ತು. ನಮ್ಮ ಮಕ್ಕಳ 600 ಮೀಟರ್ ಟೈಮಿಂಗ್ ಅಷ್ಟು ಚೆನ್ನಾಗಿರುವುದು ಹೇಗೆ ಅಂತ ನನಗೇ ಅನುಮಾನ. ಮೈದಾನವನ್ನು ಸುಮ್ನೆ ಹೆಜ್ಜೆ ಹಾಕಿ ಅಳೆದಿದ್ದೆ ಅಲ್ವಾ? ಟೇಪ್ ಹಿಡಿದರೆ ಒಂದು ಸುತ್ತು 200 ಅಲ್ಲ, 188 ಮೀಟರ್. ಮೂರು ಸುತ್ತಿಗೆ 36 ಮೀಟರ್ ಕಮ್ಮಿ! ರಿಜಿಸ್ಟರಿನ ಎರಡು ಪುಟ ಕೆಂಪು ಗೆರೆ ಎಳೆದು ಹೊಡೆದು ಹಾಕಿದೆ. ಮತ್ತೆ ಓಡಿಸಿದಾಗ ಎಲ್ಲರಿಗೂ ಜಾಸ್ತಿ ಸೆಕೆಂಡು. "ಸಾ, ಗ್ರೌಂಡ್ ಬೆಳೆದುಬಿಡ್ತಾ?" ಅಂದ ಹೀರೋ. ಈಗ ಸುಣ್ಣ ಹಾಕುವ ಮುಂಚೆ ಟೇಪಿನ ಆ ತುದಿ ಹಿಡಿಯುವವನು ಅವನೇ.